ನಿಮಗಿದು ಗೊತ್ತೇ? ಬೋರ್‌ವೆಲ್ ನೀರಲ್ಲೂ ಹಸಿರು ಅಕ್ವೇರಿಯಂ

ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಎಷ್ಟು ಭಾರ ಇರಬಹುದು, ಊಹಿಸಿ. ಒಂದು ಘನ ಅಡಿಗೆ 28.3 ಲೀಟರ್ ನೀರು ಹಿಡಿಯುತ್ತದೆ. ಅಂಚಿನವರೆಗೆ ತುಂಬಿದರೆ 127 ಲೀಟರ್. ಮಣ್ಣು, ಮರಳು, ಕಲ್ಲು ಹಾಕಿ, ಮೇಲೆ ಎರಡು ಬೆರಳು ಬಿಟ್ಟು ನೀರು ಹಿಡಿಸಿದರೆ ನೀರೇ ನೂರು ಕೆ.ಜಿ. ದಾಟುತ್ತದೆ. 8 ಮಿ.ಮೀ. ಗಾಜಿನದು ಸುಮಾರು 28 ಕೆ.ಜಿ. ಎರಡು ಅಂಗುಲ ಮರಳಿನದು ಇಪ್ಪತ್ತಕ್ಕೂ ಹೆಚ್ಚು. ಒಟ್ಟು 160ರಿಂದ 170 ಕೆ.ಜಿ. ಚಳ್ಳಕೆರೆ ಮಾರುಕಟ್ಟೆಯಲ್ಲಿ ಶೇಂಗಾ ಚೀಲ ಎತ್ತಿದವರಿಗೆ ಇದು ಎಂಥ ಭಾರ ಎಂದು ಹೇಳಬೇಕಾಗಿಲ್ಲ. ಇಷ್ಟನ್ನು ಹಳೆಯ ಟಿ.ವಿ. ಟೇಬಲ್ ಮೇಲೆ ಇಡುವವರು ಈಗಲೂ ಇದ್ದಾರೆ ಎಂಬುದೇ ಆಶ್ಚರ್ಯ.

ಅಗ್ಗದ, ಗಟ್ಟಿಯಾದ ಸ್ಟ್ಯಾಂಡಿಗೆ ಬಡಗಿಯೂ ಬೇಡ, ವೆಲ್ಡಿಂಗ್ ಶಾಪೂ ಬೇಡ. ಸಿಮೆಂಟ್ ಬ್ಲಾಕುಗಳನ್ನು ಒಂದರ ಮೇಲೊಂದು ಜೋಡಿಸಿ ಕಂಬ ಮಾಡಿ, ಮೇಲೆ ಕಡಪ ಕಲ್ಲಿನ ಹಾಸು ಹಾಕಿದರೆ ಮುಗಿಯಿತು. ಅಡುಗೆಮನೆಯ ಕಟ್ಟೆ ಕಟ್ಟುವ ಲೆಕ್ಕವೇ ಇಲ್ಲೂ. ಆದರೆ ಒಂದು ಎಚ್ಚರ: ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಎರಡು ಕಂಬಗಳ ನಡುವೆ ಹಾಸು ಬಾಗುವಾಗ ಅದರ ಅಡಿಭಾಗ ಎಳೆತಕ್ಕೆ ಸಿಕ್ಕುತ್ತದೆ, ಬಿರುಕು ಅಲ್ಲಿಂದಲೇ ಶುರು. ಮರವಾದರೆ ಮುರಿಯುವ ಮೊದಲು ಬಾಗಿ ಸೂಚನೆ ಕೊಡುತ್ತದೆ. ಕಲ್ಲು ಹೇಳದೆ ಕೇಳದೆ ಎರಡಾಗುತ್ತದೆ. ಆದ್ದರಿಂದ ಮೂರಡಿ ಹಾಸಿಗೆ ನಡುವೆ ಮೂರನೇ ಕಂಬ ಇರಲೇಬೇಕು. ನಮ್ಮ ಹಳೆಯ ದೇವಸ್ಥಾನಗಳಲ್ಲಿ ಅಷ್ಟೊಂದು ಕಂಬಗಳು ಒತ್ತೊತ್ತಾಗಿ ನಿಂತಿರುವುದಕ್ಕೂ ಇದೇ ಕಾರಣ.

ಕಡಪ ಕಲ್ಲು ತೊಟ್ಟಿಯ ಕೆಳಗೆ ಒಳ್ಳೆಯದು, ತೊಟ್ಟಿಯ ಒಳಗೆ ಬೇಡ. ಅದು ಸುಣ್ಣದಕಲ್ಲು, ನಿಧಾನವಾಗಿ ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಒಳಗೆ ಇಡಲು ಬೇಕಾದ ಕಲ್ಲು ಮೊಳಕಾಲ್ಮೂರಿನ ಸುತ್ತಲಿನ ಗುಡ್ಡಗಳಲ್ಲೇ ಇದೆ: ಗ್ರಾನೈಟ್. ಅದು ನೀರಿನ ಗುಣವನ್ನು ಬದಲಿಸುವುದಿಲ್ಲ. ಅನುಮಾನ ಬಂದರೆ ಕಲ್ಲಿನ ಮೇಲೆ ನಿಂಬೆರಸ ಅಥವಾ ವಿನಿಗರ್ ಬಿಡಿ. ನೊರೆ ಎದ್ದರೆ ಸುಣ್ಣ ಇದೆ ಎಂದರ್ಥ. ಗುಡ್ಡದ ಕಲ್ಲು ಎಂದೆ, ಶಾಸನದ ಬಂಡೆಯಿಂದ ಚೂರು ಕೀಳಬೇಡಿ ಮತ್ತೆ!

ಶಾಸನ ಎಂದಾಗ ನೆನಪಾಯಿತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ ಪತ್ತೆ ಮಾಡಿದ್ದು 1892ರಲ್ಲಿ. ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕು ಎಂಬ ಮಾತು ಬ್ರಹ್ಮಗಿರಿಯ ಬಂಡೆಯ ಮೇಲೇ ಇದೆ. ಮೀನಿನ ಹೆಸರು ಇಲ್ಲಿಲ್ಲ. ಅದು ಬರುವುದು ಉತ್ತರದ ಸ್ತಂಭಗಳ ಮೇಲಿನ ಐದನೇ ಶಾಸನದಲ್ಲಿ. ಕೊಲ್ಲಬಾರದ ಜೀವಿಗಳ ಆ ಪಟ್ಟಿಯಲ್ಲಿ ಕೆಲವು ಜಾತಿಯ ಮೀನುಗಳಿವೆ, ಮೀನು ಕೊಲ್ಲಬಾರದ, ಮಾರಬಾರದ ದಿನಗಳೂ ಇವೆ.

ಮರದ ಸ್ಟ್ಯಾಂಡೇ ಬೇಕೆನ್ನುವವರಿಗೆ ಬಡಗಿಗಳು ಹೇಳುವ ಒಂದೇ ಸೂತ್ರ: ಭಾರ ಮರದಿಂದ ಮರಕ್ಕೆ ಇಳಿಯಬೇಕು, ಸ್ಕ್ರೂ ಮೇಲೆ ನಿಲ್ಲಬಾರದು. ಮೇಲಿನ ಅಡ್ಡಪಟ್ಟಿ ಕಾಲಿನ ತಲೆಯ ಮೇಲೆ ಕೂತಿರಬೇಕು. ಕಾಲಿನ ಪಕ್ಕಕ್ಕೆ ಅಂಟಿಸಿ ಸ್ಕ್ರೂ ಹೊಡೆದರೆ 170 ಕೆ.ಜಿ.ಯೂ ನಾಲ್ಕಾರು ಸ್ಕ್ರೂಗಳ ಪಾಲಿಗೆ ಬರುತ್ತದೆ. ಪ್ಲೈವುಡ್ ಕೊಳ್ಳುವಾಗ ಅಂಚಿನಲ್ಲಿ ಐಎಸ್ 710 ಎಂಬ ಮುದ್ರೆ ನೋಡಿ, ಅದು ನೀರು ತಾಳುವ ಮರೈನ್ ಪ್ಲೈ. ಪಾರ್ಟಿಕಲ್ ಬೋರ್ಡು ನೀರು ಸೋಕಿದ ಕೂಡಲೇ ಊದಿ ಪುಡಿಯಾಗುತ್ತದೆ.

ಕಾಲು ಎತ್ತರವಾದಷ್ಟೂ ಸ್ಟ್ಯಾಂಡು ದುರ್ಬಲ. ಅದೇ ದಪ್ಪದ ಕಾಲನ್ನು ಎರಡು ಪಟ್ಟು ಎತ್ತರ ಮಾಡಿದರೆ, ಅದು ಬಾಗಿ ಕುಸಿಯದೆ ಹೊರಬಲ್ಲ ಭಾರ ಕಾಲುಭಾಗಕ್ಕೆ ಇಳಿಯುತ್ತದೆ. 18ನೇ ಶತಮಾನದಲ್ಲಿ ಆಯ್ಲರ್ ಎಂಬ ಗಣಿತಜ್ಞ ಹಾಕಿಕೊಟ್ಟ ಲೆಕ್ಕ ಇದು.

ಕಬ್ಬಿಣದ ಆಂಗಲ್ ಅಥವಾ ಚೌಕ ಪೈಪಿನಲ್ಲಿ ವೆಲ್ಡಿಂಗ್ ಮಾಡಿಸುವುದಾದರೆ ಹಿಂಬದಿಗೆ ಓರೆಯಾಗಿ ಒಂದು ಪಟ್ಟಿ ಹಾಕಿಸಿ. ಆಯತ ಪಕ್ಕಕ್ಕೆ ವಾಲಬಹುದು, ತ್ರಿಕೋನ ವಾಲಲಾರದು. ಬಣ್ಣಕ್ಕೆ ಮೊದಲು ರೆಡ್ ಆಕ್ಸೈಡ್ ಪ್ರೈಮರ್ ಮರೆಯಬೇಡಿ. ಕಾಲುಗಳ ಅಡಿಗೆ ಅಂಗೈಯಗಲದ ತಗಡು ಬೆಸೆಸಿದರೆ ನೆಲದಲ್ಲಿ ಗುಳಿ ಬೀಳುವುದಿಲ್ಲ. ಮಾಳಿಗೆ ಮನೆಯ ಮೇಲಂತಸ್ತಿನಲ್ಲಿ ಮಾತ್ರ ಇಂಥ ತೊಟ್ಟಿ ಬೇಡವೇ ಬೇಡ.

ಮಟ್ಟ ನೋಡಲು ಗಾರೆ ಕೆಲಸದವರ ಹತ್ತಿರ ಇರುವ, ನೀರು ತುಂಬಿದ ಪಾರದರ್ಶಕ ಪೈಪಿಗಿಂತ ನಂಬಿಕಸ್ಥ ಸಾಧನ ಇಲ್ಲ. ಎರಡು ತುದಿಯಲ್ಲೂ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಸ್ಟ್ಯಾಂಡಿನ ನಾಲ್ಕು ಮೂಲೆಗೂ ಹಿಡಿದು ನೋಡಿ. ತೊಟ್ಟಿ ವಾಲಿದ್ದರೆ ತುಂಬಿದ ದಿನವೇ ನೀರಿನ ಗೆರೆ ಅದನ್ನು ತೋರಿಸಿಬಿಡುತ್ತದೆ, ಆಗ ಸರಿಮಾಡಲು ಪೂರ್ತಿ ಖಾಲಿ ಮಾಡಬೇಕು. ಹಲಗೆಗೂ ಗಾಜಿಗೂ ನಡುವೆ ಥರ್ಮೊಕೋಲ್ ಹಾಳೆ ಇರಲಿ. ಒಂದು ಮರಳಿನ ಕಾಳು ಸಾಕು, ಅದರ ಮೇಲೆ ಭಾರವೆಲ್ಲ ಬಿದ್ದು ತಳದ ಗಾಜು ಸೀಳುತ್ತದೆ. ಥರ್ಮೊಕೋಲ್ ಅಂಥ ಕಾಳನ್ನು ತನ್ನೊಳಗೆ ನುಂಗಿಕೊಳ್ಳುತ್ತದೆ.

ಈಗ ಒಂದು ಒಗಟು. ಮೇಲೆ ಹೇಳಿದ ಮೂರಡಿ ತೊಟ್ಟಿ ಅಂಚಿನವರೆಗೆ ತುಂಬಿದಾಗ ಮುಂದಿನ ಗಾಜನ್ನು ನೀರು ಎಷ್ಟು ಜೋರಾಗಿ ತಳ್ಳುತ್ತದೆ? ಸುಮಾರು 95 ಕೆ.ಜಿ. ಭಾರದಷ್ಟು. ತೊಟ್ಟಿಯ ಅಗಲವನ್ನು ಒಂದಡಿಯಿಂದ ಹತ್ತಡಿ ಮಾಡಿದರೆ? ಆಗಲೂ ಅಷ್ಟೇ! ಗಾಜಿನ ಮೇಲಿನ ಒತ್ತಡಕ್ಕೆ ನೀರಿನ ಆಳ ಮಾತ್ರ ಲೆಕ್ಕ, ಅದು ಹಿಂದೆ ಎಷ್ಟು ದೂರ ಹರಡಿದೆ ಎಂಬುದಲ್ಲ. ಆಳವನ್ನು ಎರಡು ಪಟ್ಟು ಮಾಡಿದರೆ ಮಾತ್ರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದ ಗೋಡೆಗೂ ಇದೇ ನಿಯಮ. ಹಿನ್ನೀರು ಮೈಲುಗಟ್ಟಲೆ ಚಾಚಿದ್ದರೂ ಗೋಡೆಗೆ ಗೊತ್ತಾಗುವುದು ಆಳ ಮಾತ್ರ. ಆ ಜಲಾಶಯ 1933ರಲ್ಲಿ ತುಂಬಿದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ನಮ್ಮ ಸೀಮೆಯಲ್ಲಿ ನೀರು ತುಂಬುವುದು ಎಂದರೆ ಇಷ್ಟು ದೊಡ್ಡ ಸುದ್ದಿ.

ಗಾಜು ಅಂಟಿಸುವ ಸಿಲಿಕಾನ್ ವಿನಿಗರ್ ವಾಸನೆ ಬೀರುತ್ತದಲ್ಲ, ಅದು ನಿಜಕ್ಕೂ ವಿನಿಗರ್‌ನ ಆಮ್ಲವೇ. ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಒಂದು ವಾರ ತೊಟ್ಟಿಯನ್ನು ಮುಟ್ಟಬೇಡಿ. ಬಚ್ಚಲುಮನೆಗೆಂದು ಮಾರುವ, ಬೂಷ್ಟು ತಡೆಯುವ ಸಿಲಿಕಾನ್‌ನಲ್ಲಿ ಮೀನಿಗೆ ವಿಷವಾಗುವ ರಾಸಾಯನಿಕ ಇರುತ್ತದೆ. ಅಂಗಡಿಯಲ್ಲಿ ಕೇಳಿಯೇ ಕೊಳ್ಳಿ.

ಸ್ಟ್ಯಾಂಡಿನ ಕಥೆ ಸಾಕು, ನೀರಿಗೆ ಬರೋಣ. ಅಕ್ವೇರಿಯಂ ಬಗ್ಗೆ ಯಾರನ್ನೇ ಕೇಳಿ, ಬೆಂಗಳೂರಿನ ಕಾವೇರಿ ನೀರಿಗೆ ಹೊಂದುವ ಸಲಹೆಯೇ ಸಿಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರಿನ ನೀರೇ ಬೇರೆ. ಇಲ್ಲಿಯದು ಬೇಳೆ ಬೇಯದ, ಸೋಪು ನೊರೆ ಬಾರದ, ಬಕೆಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ಕೊಳವೆಬಾವಿ ನೀರು. ಗ್ರಾನೈಟ್ ಶಿಲೆಯ ಖನಿಜಗಳಿಂದ ಕರಗಿ ಬರುವ ಫ್ಲೋರೈಡ್ ಬೇರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಎನ್ನುತ್ತದೆ ಭಾರತೀಯ ಮಾನಕ. ಗಡಸುತನಕ್ಕೆ ಆ ಮಿತಿಗಳು 200 ಮತ್ತು 600. ನಮ್ಮ ಎಷ್ಟೋ ಬೋರ್‌ವೆಲ್‌ಗಳಿಗೆ ಈ ಮಿತಿಗಳ ಪರಿವೆಯೇ ಇಲ್ಲ! ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದದ್ದೂ, ತುಂಗಭದ್ರಾ ಹಿನ್ನೀರನ್ನು ಈ ತಾಲ್ಲೂಕುಗಳ ಹಳ್ಳಿಗಳಿಗೆ ತರುವ ಯೋಜನೆ ಹುಟ್ಟಿದ್ದೂ ಇದಕ್ಕೇ.

ಹಾಗಾದರೆ ಈ ನೀರಿನಲ್ಲಿ ಮೀನು ಸಾಕಲಾಗದೇ? ಧಾರಾಳವಾಗಿ ಸಾಕಬಹುದು. ನೀರನ್ನು ಮೀನಿಗೆ ತಕ್ಕಂತೆ ಬದಲಿಸುವ ಬದಲು ನೀರಿಗೆ ತಕ್ಕ ಮೀನು ಆರಿಸಿಕೊಳ್ಳಬೇಕು, ಅಷ್ಟೆ. ಗಪ್ಪಿ, ಮೋಲಿ, ಪ್ಲಾಟಿ ಗಡಸು ನೀರನ್ನೇ ಇಷ್ಟಪಡುವ ಜಾತಿಗಳು. ನಿಯಾನ್ ಟೆಟ್ರಾ ಬಂದದ್ದು ಅಮೆಜಾನ್‌ನ ಮೆದು ನೀರಿನಿಂದ. ಅದರ ಆಸೆ ಬಿಡಿ. ಬಸವನಹುಳುವಿಗಂತೂ ಇಲ್ಲಿ ಹಬ್ಬ. ಚಿಪ್ಪು ಕಟ್ಟಲು ಸುಣ್ಣದಂಶ ಬೇಕು, ನಮ್ಮ ನೀರಿನಲ್ಲಿ ಅದಕ್ಕೆ ಬರವಿಲ್ಲ.

ನಾಣ್ಯ ಹಾಕಿ ಹಿಡಿದು ತರುವ ಆರ್‌ಓ ನೀರನ್ನೇ ತೊಟ್ಟಿಗೆಲ್ಲ ತುಂಬುವುದು ಜಾಣತನ ಎಂದುಕೊಂಡಿದ್ದೀರಾ? ಅಲ್ಲ. ಅದರಲ್ಲಿ ಲವಣ ತೀರಾ ಕಡಿಮೆ ಇರುವುದರಿಂದ ಪಿಎಚ್ ನಿಲ್ಲುವುದಿಲ್ಲ, ಒಂದು ದಿನ ಇದ್ದಕ್ಕಿದ್ದಂತೆ ಕುಸಿದು ಮೀನು ಸಾಯುತ್ತವೆ. ಬೋರ್‌ವೆಲ್ ನೀರು ವಿಪರೀತ ಗಡಸಾಗಿದ್ದರೆ ಅರ್ಧಕ್ಕರ್ಧ ಬೆರೆಸಿ. 600ರ ಗಡಸು ನೀರಿಗೆ 30ರ ಆರ್‌ಓ ನೀರು ಸಮ ಸೇರಿಸಿದರೆ 315 ಬರುತ್ತದೆ.

ನಲ್ಲಿ ನೀರಿನ ಕ್ಲೋರಿನ್ ಹೋಗಲು ಬಾಯಗಲದ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಸಾಕು.

ಇನ್ನು ಗಿಡಗಳ ಸರದಿ. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಒಂದು ಪ್ರಯೋಗವನ್ನು ಪ್ರಕಟಿಸಿದರು. ತೊಟ್ಟಿಯೊಂದರಲ್ಲಿ ಗೋಲ್ಡ್‌ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟರು. ಗಿಡದ ಹಳೆಯ ಎಲೆ ಕೊಳೆತು ನೀರು ಕೆಟ್ಟಾಗ ಅದನ್ನು ತಿನ್ನಲು ಬಸವನಹುಳು ಬಿಟ್ಟರು. ಆಮೇಲೆ ನೀರು ಬದಲಿಸದಿದ್ದರೂ ಎಲ್ಲವೂ ನೆಮ್ಮದಿಯಾಗಿದ್ದವು. ಮೀನು ಬಿಡುವುದನ್ನು ಗಿಡ ತೆಗೆದುಕೊಳ್ಳುತ್ತದೆ, ಗಿಡ ಬಿಡುವುದನ್ನು ಮೀನು ಉಸಿರಾಡುತ್ತದೆ ಎಂಬ ಇಂದಿನ ನೆಟ್ಟ ಅಕ್ವೇರಿಯಂನ ಮೂಲ ಲೆಕ್ಕ ಹೀಗೆ ಹುಟ್ಟಿತು. ಆ ವ್ಯಾಲಿಸ್ನೇರಿಯಾ ನಮ್ಮ ದೇಶದ ಕೆರೆ, ಕಾಲುವೆಗಳಲ್ಲೂ ತಾನಾಗಿ ಬೆಳೆಯುವ ಗಿಡ; ಅಂಗಡಿಯವರು ಅದನ್ನು ‘ವಾಲ್’ ಎಂದು ಕರೆದು ಮಾರುತ್ತಾರೆ.

ಈ ಗಿಡದ ಮದುವೆಯ ಕಥೆ ಕೇಳಬೇಕು. ಹೆಣ್ಣು ಹೂವು ದಾರದಂಥ ಉದ್ದ ತೊಟ್ಟಿನ ಮೇಲೆ ನೀರಿನ ಮೇಲ್ಮೈಗೆ ಬಂದು ಕೂರುತ್ತದೆ. ಬುಡದಲ್ಲಿ ಹುಟ್ಟಿದ ಚಿಕ್ಕ ಚಿಕ್ಕ ಗಂಡು ಹೂಗಳು ಗಿಡದಿಂದ ಪೂರ್ತಿ ಕಳಚಿಕೊಂಡು, ಮೇಲೆದ್ದು, ಬಿಚ್ಚಿ, ತೇಲುತ್ತ ಹೋಗಿ ಹೆಣ್ಣು ಹೂವಿನ ಪಕ್ಕದ ಗುಳಿಗೆ ಜಾರುತ್ತವೆ. ಪರಾಗ ಸ್ಪರ್ಶವಾದ ಮೇಲೆ ಹೆಣ್ಣು ಹೂವಿನ ತೊಟ್ಟು ಸುರುಳಿ ಸುತ್ತಿಕೊಂಡು ಕಾಯಿಯನ್ನು ನೀರಿನೊಳಗೆ ಎಳೆದುಕೊಳ್ಳುತ್ತದೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ತೊಟ್ಟಿಯಲ್ಲಿ ಸಾಮಾನ್ಯವಾಗಿ ಒಂದೇ ಬಗೆ ಇರುವುದರಿಂದ ಈ ಸಂಭ್ರಮ ಕಾಣುವುದು ಅಪರೂಪ. ಬದಲಿಗೆ ಅದು ಹಂಬು ಚಾಚಿ ಪಕ್ಕದಲ್ಲೇ ಮರಿಗಿಡ ಇಡುತ್ತದೆ.

ಗಡಸು ನೀರಿಗೂ ಈ ಗಿಡಕ್ಕೂ ನಂಟು ಏನು ಗೊತ್ತೇ? ಹೆಚ್ಚಿನ ನೀರುಗಿಡಗಳು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಒಂದನ್ನೇ ನಂಬಿವೆ. ನೀರಿನಲ್ಲಿ ಆ ಅನಿಲ ಹರಡುವ ವೇಗ ಗಾಳಿಯಲ್ಲಿನ ವೇಗದ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಅದಕ್ಕೇ ದೊಡ್ಡ ಊರುಗಳ ಹವ್ಯಾಸಿಗಳು ಸಿಲಿಂಡರ್ ಇಟ್ಟು ಅನಿಲ ಹಾಯಿಸುತ್ತಾರೆ. ವ್ಯಾಲಿಸ್ನೇರಿಯಾ ಮತ್ತು ಹೈಡ್ರಿಲ್ಲಾಕ್ಕೆ ಆ ಹಂಗಿಲ್ಲ. ನೀರಿನ ಬೈಕಾರ್ಬೊನೇಟನ್ನೇ ಒಡೆದು ಅವು ಇಂಗಾಲ ಪಡೆಯುತ್ತವೆ. ಬೈಕಾರ್ಬೊನೇಟ್ ಎಂದರೆ ನಮ್ಮ ಬೋರ್‌ವೆಲ್ ನೀರಿನಲ್ಲಿ ತುಂಬಿ ತುಳುಕುವ ವಸ್ತು! ಬಕೆಟಿಗೆ ಬಿಳಿ ಪೊರೆ ಕಟ್ಟಿ ನಮಗೆ ಬೇಸರ ತರಿಸುವುದೇ ಈ ಗಿಡಗಳಿಗೆ ಊಟ. ತಿಂದ ಗುರುತಿಗೆ ಎಲೆಗಳ ಮೇಲೆ ತೆಳ್ಳಗೆ ಸುಣ್ಣದ ಲೇಪ ಕಾಣಿಸಬಹುದು, ರೋಗವೆಂದು ಕಿತ್ತೆಸೆಯಬೇಡಿ. ಸಿಲಿಂಡರಿಗೆ ಹಾಕುವ ದುಡ್ಡು ನಮ್ಮ ಸೀಮೆಯಲ್ಲಿ ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೈಡ್ರಿಲ್ಲಾವನ್ನು ನೀವು ಹೈಸ್ಕೂಲಿನಲ್ಲೇ ನೋಡಿದ್ದೀರಿ. ಬೀಕರಿನಲ್ಲಿ ಬೋರಲು ಹಾಕಿದ ಆಲಿಕೆ, ಅದರ ಮೇಲೆ ಪ್ರನಾಳ, ಬಿಸಿಲಿಗಿಟ್ಟರೆ ಗುಳ್ಳೆ ಏಳುವ ಪ್ರಯೋಗ ನೆನಪಿದೆಯೇ? ಅದೇ ಗಿಡ. ನಮ್ಮ ಕಡೆ ಪಾಠದ ಗಿಡ, ಅಮೆರಿಕದ ಫ್ಲೋರಿಡಾದ ಸರೋವರಗಳಲ್ಲಿ ಮಾತ್ರ ಅದು ತೊಲಗದ ಕಳೆ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕವೇ ಅಲ್ಲಿಗೆ ಹೋಯಿತು.

ಬೇರೇ ಇಲ್ಲದ ನೀರುಗಿಡವೂ ಇದೆ. ನರಿಯ ಬಾಲದಂತೆ ತೇಲುವ ಹಾರ್ನ್‌ವರ್ಟ್. ನೆಡುವ ಕೆಲಸವೇ ಇಲ್ಲ, ಹಾಕಿದರಾಯಿತು.

ತೊಟ್ಟಿಯ ತಳಕ್ಕೆ ಪರದೇಶದ ಮಣ್ಣಿನ ಪ್ಯಾಕೆಟ್ ಬೇಡ. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಬರೆದ ಪುಸ್ತಕದಿಂದ ಜನಪ್ರಿಯವಾದ ವಿಧಾನದಲ್ಲಿ ಒಂದು ಅಂಗುಲ ಸಾಮಾನ್ಯ ಮಣ್ಣು, ಅದರ ಮೇಲೆ ಒಂದು ಅಂಗುಲ ಮರಳು ಅಥವಾ ಸಣ್ಣ ಜಲ್ಲಿ. ಇಲ್ಲಿಯ ಕೆಮ್ಮಣ್ಣಿನಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ, ಗಿಡಗಳಿಗೆ ಅದು ಬೇಕು. ಎರೆಮಣ್ಣು ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಕೆಮ್ಮಣ್ಣಿಗಿಂತ ಮೇಲು, ಆದರೆ ನೀರು ಕುಡಿದು ಉಬ್ಬುತ್ತದೆ, ಕೈಯಾಡಿಸಿದರೆ ವಾರಗಟ್ಟಲೆ ರಾಡಿ. ಎರಡರಲ್ಲಿ ನನ್ನ ಮತ ಕೆಮ್ಮಣ್ಣಿಗೆ. ಯೂರಿಯಾ ಬಿದ್ದ ಹೊಲದ ಮಣ್ಣು ಬೇಡ, ಅದು ನೀರಿನಲ್ಲಿ ಅಮೋನಿಯಾ ಆಗುತ್ತದೆ. ಮೇಲಿನ ಹೊದಿಕೆಗೆ ಎಂ-ಸ್ಯಾಂಡ್ ಬಳಸಬಹುದು; ನೀರು ತಿಳಿಯಾಗುವವರೆಗೆ ತೊಳೆಯಬೇಕು. ಅದರ ಕಾಳುಗಳು ಚೂಪು, ಹಾಗಾಗಿ ತಳ ಕೆದಕುವ ಮೀನುಗಳ ಮೀಸೆಗೆ ಒಳ್ಳೆಯದಲ್ಲ.

ಹೊಸ ತೊಟ್ಟಿಯಲ್ಲಿ ಮೀನು ಸಾಯುವುದಕ್ಕೆ ಬಹುಪಾಲು ಒಂದೇ ಕಾರಣ, ಅವಸರ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಗಿಡ ತಿನ್ನುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಎರಡೂ ಕೆಲಸವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಎಂದು ವಿಜ್ಞಾನಿಗಳು ಕಂಡುಕೊಂಡದ್ದು 2015ರಲ್ಲಿ, ಅದೂ ಮೀನು ಸಾಕಣೆ ತೊಟ್ಟಿಯ ಫಿಲ್ಟರಿನಲ್ಲಿ! ಅದುವರೆಗೆ ನೂರಕ್ಕೂ ಹೆಚ್ಚು ವರ್ಷ ಅದು ಇಬ್ಬರ ಕೆಲಸ ಎಂದೇ ಎಲ್ಲರೂ ನಂಬಿದ್ದರು.

ನಮ್ಮ ಸೀಮೆಗೆ ಇಲ್ಲಿ ಇನ್ನೊಂದು ಕಿವಿಮಾತಿದೆ. ಅಮೋನಿಯಾದಲ್ಲಿ ವಿಷಕಾರಿಯಾದ ಪಾಲು ಎಷ್ಟೆಂಬುದನ್ನು ನಿರ್ಧರಿಸುವುದು ಪಿಎಚ್. 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದರೆ ಆ ಪಾಲು ಸಾವಿರಕ್ಕೆ ಸುಮಾರು 6. ಪಿಎಚ್ 8 ಆದರೆ ನೂರಕ್ಕೆ 5ಕ್ಕೂ ಹೆಚ್ಚು. ಬೋರ್‌ವೆಲ್ ನೀರು ಸಾಮಾನ್ಯವಾಗಿ ಕ್ಷಾರೀಯವಾಗಿರುವುದರಿಂದ, ಬೆಂಗಳೂರಿನ ಮೀನು ತಡೆದುಕೊಳ್ಳುವ ಹೊಲಸನ್ನು ಚಳ್ಳಕೆರೆಯ ಮೀನು ತಡೆಯಲಾರದು. ಮೊದಲ ದಿನವೇ ಗಿಡ ತುಂಬಾ ನೆಡಿ, ಮೀನು ತಿಂಗಳಾದ ಮೇಲೆ ಬರಲಿ. ಮಕ್ಕಳು ಗಲಾಟೆ ಮಾಡುತ್ತಾರೆ, ಮಾಡಲಿ.

ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಉಜ್ಜುವುದು ಎಂದರೆ ಆರು ವಾರದ ಬ್ಯಾಕ್ಟೀರಿಯಾವನ್ನು ಮೋರಿಗೆ ಬಿಡುವುದು. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು.

ಬೆಳಕು ದಿನಕ್ಕೆ ಆರರಿಂದ ಎಂಟು ಗಂಟೆ. ಹೆಚ್ಚಾದರೆ ಗಿಡದ ಬದಲು ಪಾಚಿ ಬೆಳೆಯುತ್ತದೆ. ಕಿಟಕಿಯ ಬಿಸಿಲು ನೇರ ಬೀಳುವ ಜಾಗವಂತೂ ಬೇಡ. ಪ್ಲಗ್ಗಿಗೆ ಹೋಗುವ ವೈರು ಸ್ವಿಚ್‌ಬೋರ್ಡಿಗಿಂತ ಕೆಳಗೆ ಒಮ್ಮೆ ಜೋತು ಮೇಲೇರಬೇಕು. ವೈರಿನ ಮೇಲೆ ಹರಿದು ಬಂದ ಹನಿ ಆ ಜೋತಿನಿಂದ ನೆಲಕ್ಕೆ ಬೀಳುತ್ತದೆ, ಬೋರ್ಡಿನೊಳಕ್ಕೆ ಹೋಗುವುದಿಲ್ಲ.

ಇನ್ನು ಬೇಸಿಗೆಯ ಮಾತು. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 9 ಮಿ.ಗ್ರಾಂ ಆಮ್ಲಜನಕ ಕರಗುತ್ತದೆ, 35 ಡಿಗ್ರಿಗೆ ಅದು 7ಕ್ಕೆ ಇಳಿಯುತ್ತದೆ. ಮೀನಿಗೆ ಉಸಿರು ಹೆಚ್ಚು ಬೇಕಾಗುವುದೂ ಆಗಲೇ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಹಸಿವೆಂದು ತಿಳಿದು ಊಟ ಹಾಕಬೇಡಿ, ಗಾಳಿ ಪಂಪು ಹಾಕಿ. ರಾತ್ರಿ ಗಿಡಗಳೂ ಆಮ್ಲಜನಕ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಅದು ತೀರಾ ಕಡಿಮೆಯಾಗಿರುತ್ತದೆ. ಕರೆಂಟು ಹೋಗುವ ಊರುಗಳಲ್ಲಿ ಬ್ಯಾಟರಿಯ ಪಂಪು ಒಂದಿರಲಿ.

ತಂಪಿಗೆ ಐಸ್ ಹಾಕುವ ಅಗತ್ಯ ಇಲ್ಲ. ನೀರಿನ ಮೇಲೆ ಚಿಕ್ಕ ಫ್ಯಾನು ಬೀಸುವಂತೆ ಇಡಿ. ಒಂದು ಲೀಟರ್ ನೀರು ಆವಿಯಾಗುವಾಗ ಹೊತ್ತೊಯ್ಯುವ ಶಾಖ ನೂರು ಲೀಟರ್ ನೀರನ್ನು ಸುಮಾರು 6 ಡಿಗ್ರಿ ತಂಪು ಮಾಡುವಷ್ಟಿದೆ. ಗಾಳಿ ಒಣಗಿದ್ದಷ್ಟೂ ಆವಿ ಚೆನ್ನಾಗಿ ಏಳುತ್ತದೆ, ಹಾಗಾಗಿ ಮಂಗಳೂರಿನಲ್ಲಿ ಸೋಲುವ ಈ ಉಪಾಯ ಮೊಳಕಾಲ್ಮೂರಿನಲ್ಲಿ ಗೆಲ್ಲುತ್ತದೆ. ಮಣ್ಣಿನ ಕೊಡದ ನೀರು ತಣ್ಣಗಾಗುವುದೂ ಈ ಲೆಕ್ಕದಲ್ಲೇ.

ಆದರೆ ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಒಂದು ಲೆಕ್ಕ ಮಾಡಿ. 60 ಲೀಟರಿನ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಆರುತ್ತದೆ, ನೀವು ಲೀಟರಿಗೆ 500 ಮಿ.ಗ್ರಾಂ ಲವಣವಿರುವ ಬೋರ್‌ವೆಲ್ ನೀರನ್ನೇ ತುಂಬಿಸುತ್ತ ಹೋಗುತ್ತೀರಿ ಎಂದುಕೊಳ್ಳಿ. ಎರಡು ತಿಂಗಳಲ್ಲಿ 30 ಗ್ರಾಂ ಹೊಸ ಲವಣ ಸೇರಿ ಅದರ ಪ್ರಮಾಣ ಎರಡು ಪಟ್ಟಾಗುತ್ತದೆ. ಆರಿದ ಪಾಲು ತುಂಬಲು ಮಾತ್ರ ಆರ್‌ಓ ಅಥವಾ ಮಳೆನೀರು, ಹಳೆಯ ನೀರು ತೆಗೆದು ಬದಲಿಸುವಾಗ ಬೋರ್‌ವೆಲ್ ನೀರು. ಈ ಸೀಮೆಯಲ್ಲಿ ಅಕ್ವೇರಿಯಂ ಉಳಿಯುವುದೂ ಅಳಿಯುವುದೂ ಬಹುಪಾಲು ಇದೊಂದರಿಂದಲೇ.

ಈಗ ಮೀನಿನ ಊಟಕ್ಕೆ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮೀನಿಗೇ ಒಂದು ಭಾಗವಿದೆ, ಮತ್ಸ್ಯವಿನೋದ. ಸಮುದ್ರದ್ದು, ಸಿಹಿನೀರಿನದ್ದು, ಹುರುಪೆ ಇರುವುದು, ಇಲ್ಲದ್ದು ಎಂದು ಮೀನುಗಳನ್ನು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಹಾಕಬೇಕು ಎಂದೂ ಅಲ್ಲಿ ಹೇಳಿದೆ. ಅರಸನ ಉದ್ದೇಶ ಗಾಳ ಹಾಕಿ ಹಿಡಿಯುವುದು, ಅದು ಬೇರೆ ಮಾತು.

ಆಹಾರ ಎಂದರೆ, ಭಾರತದ ಮೀನು ಸಾಕಣೆ ಕೊಳಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮೇವು ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡಿನ ಮಿಶ್ರಣ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಹಿಂಡಿಗೆ ಬರವೇ? ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವೂ ಪ್ರೋಟೀನ್ ತುಂಬಿದ ಮೀನಿನ ಆಹಾರವೇ. ಸೀರೆಗೆ ಹೆಸರಾದ ಮೊಳಕಾಲ್ಮೂರಿನವರಿಗೆ ಅದೂ ಹೊಸತಲ್ಲ. ಕೊಳಕ್ಕೆ ಇವೆರಡೂ ಸರಿ, ಗಾಜಿನ ತೊಟ್ಟಿಗೆ ಹಿಂಡಿ ಹಾಕಿದರೆ ಎರಡೇ ದಿನಕ್ಕೆ ನೀರು ನಾರುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಒಣ ಆಹಾರ ಸಾಕು.

ಗೋಲ್ಡ್‌ಫಿಶ್ ಮತ್ತು ಗಿಡ ಒಂದೇ ತೊಟ್ಟಿಯಲ್ಲಿ ಬಾಳುವುದು ಕಷ್ಟ. ಅದು ಎಳೆಯ ಗಿಡ ತಿನ್ನುತ್ತದೆ, ತಿನ್ನದ್ದನ್ನು ಬುಡಸಮೇತ ಕೀಳುತ್ತದೆ. ವಾರಿಂಗ್ಟನ್ ಹೇಗೆ ಸಂಭಾಳಿಸಿದರೋ!

2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ರಾಜ್ಯವನ್ನು ಹಣ್ಣು ಮಾಡಿದ್ದು ಮರೆತಿಲ್ಲ ತಾನೇ? ಮನೆಮಂದಿಯೆಲ್ಲ ಗಂಟು ಹಿಡಿದು ಮಲಗಿದ ವರ್ಷ. ಆ ರೋಗ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಚರಂಡಿಯಲ್ಲಲ್ಲ, ಮನೆಯೊಳಗಿನ ಸಿಮೆಂಟ್ ತೊಟ್ಟಿಯ ತಿಳಿ ನೀರಿನಲ್ಲಿ. ವಾರಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ತೊಟ್ಟಿ ಇಲ್ಲದ ಮನೆ ಎಲ್ಲಿದೆ? ಕರ್ನಾಟಕದ ಹಳ್ಳಿಗಳ ಇಂಥ ತೊಟ್ಟಿಗಳಲ್ಲಿ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನು ಬಿಟ್ಟು ಎರಡನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಎರಡೂ ಸೊಳ್ಳೆಮರಿಗಳನ್ನು ತಿಂದು ತಗ್ಗಿಸಿದವು. ಅಂದರೆ ನಿಮ್ಮ ಅಕ್ವೇರಿಯಂನಲ್ಲಿ ತಿಂಗಳಿಗೊಮ್ಮೆ ಮರಿ ಹಾಕುವ ಗಪ್ಪಿಗಳಿಗೆ ಪಕ್ಕದ ಮನೆಯ ತೊಟ್ಟಿಯಲ್ಲೇ ಕೆಲಸವಿದೆ. ಒಮ್ಮೆ ಗಂಡಿನ ಜೊತೆ ಸೇರಿದ ಹೆಣ್ಣು ಗಪ್ಪಿ ಆಮೇಲೆ ಗಂಡೇ ಇಲ್ಲದಿದ್ದರೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು.

ಗ್ಯಾಂಬೂಸಿಯಾ ಭಾರತಕ್ಕೆ ಬಂದದ್ದು 1928ರಲ್ಲಿ, ಇಟಲಿಯಿಂದ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ಬೇರೆ ಮೀನುಗಳ ರೆಕ್ಕೆ ಕಚ್ಚುವ ಚಾಳಿಯೂ ಇರುವುದರಿಂದ ಅಕ್ವೇರಿಯಂಗೆ ಅದು ಬೇಡ.

ಹವ್ಯಾಸವನ್ನು ಹೊಟ್ಟೆಪಾಡು ಮಾಡಿಕೊಳ್ಳುವವರಿಗೆ ದಾರಿಯಿದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನಲ್ಲಿ ಅಲಂಕಾರಿಕ ಮೀನು ಸಾಕುವ ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ನಿಗದಿ ಮಾಡಿ, ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇಟ್ಟರು. ಈಗಿನ ನಿಯಮವನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಅಂದಹಾಗೆ, ದೇಶದ ಮೊದಲ ಮೀನುಗಾರಿಕೆ ಕಾಲೇಜು ಶುರುವಾದದ್ದು ನಮ್ಮ ಮಂಗಳೂರಿನಲ್ಲೇ, 1969ರಲ್ಲಿ.

ವಾರಕ್ಕೊಮ್ಮೆ ತೊಟ್ಟಿಯಿಂದ ತೆಗೆಯುವ ಹಳೆಯ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ, ಅದರಲ್ಲಿ ನೈಟ್ರೇಟ್ ಇದೆ. ಕರಿಬೇವಿನ ಬುಡಕ್ಕೆ, ಮಲ್ಲಿಗೆ ಬಳ್ಳಿಗೆ ಹಾಕಿ.

ಕೊನೆಯದಾಗಿ ಒಂದು ವಿನಂತಿ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತದೆಂದು ಎರಡು ಅಂಗುಲದ ಮರಿಯಾಗಿ ತಂದ ಸಕ್ಕರ್ ಮೀನು ಒಂದಡಿಗೂ ಮೀರಿ ಬೆಳೆಯುತ್ತದೆ. ಬೆಳೆದಾಗ, ಅಥವಾ ಸಾಕಿ ಸಾಕಾದಾಗ, ಯಾವ ಮೀನನ್ನೂ, ಒಂದು ಹಿಡಿ ಗಿಡವನ್ನೂ ಕೆರೆಗೋ ವೇದಾವತಿಗೋ ಬಿಡಬೇಡಿ. ದಕ್ಷಿಣ ಅಮೆರಿಕದ ಈ ಸಕ್ಕರ್ ಮೀನು ದೇಶದ ಹಲವು ಕೆರೆ, ನದಿಗಳಲ್ಲಿ ಈಗಾಗಲೇ ಬೇರೂರಿ ಮೀನುಗಾರರ ಬಲೆ ಹರಿಯುತ್ತಿದೆ. ನಮ್ಮ ಕೆರೆಗಳು ತುಂಬುವುದೇ ಅಪರೂಪ. ತುಂಬಿದಾಗ ಅಲ್ಲಿ ನಮ್ಮ ನೀರಿನ ಮೀನೇ ಇರಲಿ. ಬೇಡವಾದದ್ದನ್ನು ತಂದ ಅಂಗಡಿಗೇ ಹಿಂತಿರುಗಿಸಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ.